ವಿಷದ ಹೂವಿನ ಜೇನು: ಜೇನ್ನೊಣಕ್ಕೆ ಏನೂ ಆಗದಿದ್ದರೆ ನಮಗೂ ಆಗುವುದಿಲ್ಲವೇ?

ಪಿಕಪ್ ಗಾಡಿಯ ಹಿಂಭಾಗದಲ್ಲಿ ಅಮಲೇರಿದಂತೆ ಕೂತ ಕರಡಿ ಮರಿಯ ವಿಡಿಯೋ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ವಿಡಿಯೋ ನಿಜ. ಅದು 2022ರ ಆಗಸ್ಟ್‌ನಲ್ಲಿ ಟರ್ಕಿಯ ಕಾಡೊಂದರಲ್ಲಿ ಸಿಕ್ಕ ಮರಿ. 'ಹುಚ್ಚು ಜೇನು' ಅತಿಯಾಗಿ ತಿಂದಿತ್ತು, ಚಿಕಿತ್ಸೆ ಪಡೆದು ಚೇತರಿಸಿಕೊಂಡಿತು.

ಇದೇ ಜೇನನ್ನು 'ಪುರುಷ ಶಕ್ತಿಗೆ' ಎಂದು ಮಾರುವವರೂ ಇದ್ದಾರೆ. ಜೇನ್ನೊಣವೇ ಕುಡಿಯುವ ಮಕರಂದ, ಸಂಪೂರ್ಣ ನೈಸರ್ಗಿಕ, ಹಾಗಾಗಿ ಅಪಾಯವಿಲ್ಲ ಎಂಬುದು ಅವರ ವಾದ. ಈ ವಾದ ನಿಲ್ಲುವುದಿಲ್ಲ.

ಜೇನಿನ ಮೂಲ ರೋಡೋಡೆಂಡ್ರಾನ್ ಪಾಂಟಿಕಮ್. ವರ್ಷವಿಡೀ ಹಸಿರಾಗಿರುವ, ನೇರಳೆ ಹೂಗೊಂಚಲಿನ ಪೊದೆಗಿಡ. ಟರ್ಕಿಯ ಕಪ್ಪು ಸಮುದ್ರದ ತೀರದ ಬೆಟ್ಟಗಳಲ್ಲಿ ಹೇರಳವಾಗಿದೆ. ಇದರ ಮಕರಂದದಲ್ಲಿ ಗ್ರೇಯಾನೋಟಾಕ್ಸಿನ್ ಎಂಬ ವಿಷವಿದೆ. ಅಲ್ಲಿನ ಜೇನ್ನೊಣಗಳು ಅದನ್ನು ಹೀರಿ ಆರಾಮಾಗಿ ಜೇನು ಕಟ್ಟುತ್ತವೆ.

ಅಲಂಕಾರಕ್ಕೆಂದು 18ನೇ ಶತಮಾನದಲ್ಲಿ ಬ್ರಿಟನ್‌ಗೆ ತಂದ ಈ ಗಿಡ ಐರ್ಲೆಂಡಿನಲ್ಲೂ ಕಳೆಯಂತೆ ಹಬ್ಬಿದೆ. ಅಲ್ಲಿನ ಕಥೆಯೇ ಬೇರೆ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು ಈ ವಿಷವನ್ನು ಜೇನ್ನೊಣಗಳಿಗೆ ಕುಡಿಸಿದಾಗ ಅವು ಕೆಲವೇ ಗಂಟೆಗಳಲ್ಲಿ ಸತ್ತವು. ಮಣ್ಣಿನಲ್ಲಿ ಗೂಡು ಮಾಡುವ ಒಂದು ಜಾತಿಯ ಒಂಟಿ ನೊಣ ಸಾಯಲಿಲ್ಲ, ಆದರೆ ಅಸ್ವಸ್ಥವಾಯಿತು. ದಪ್ಪ ಮೈಯ ಬಂಬಲ್‌ಬೀಗೆ ಮಾತ್ರ ಏನೂ ಆಗಲಿಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವಿದು. ತಲೆತಲಾಂತರದಿಂದ ಈ ಗಿಡದೊಂದಿಗೆ ಬದುಕಿದ ಟರ್ಕಿಯ ನೊಣಗಳು ವಿಷಕ್ಕೆ ಒಗ್ಗಿಕೊಂಡಿರಬಹುದು ಎಂಬುದು ಒಂದು ವಿವರಣೆ. ಅಂದರೆ ಒಂದೇ ಹೂವು ಒಂದು ಕಡೆ ಊಟ, ಇನ್ನೊಂದು ಕಡೆ ಸಾವು. ನೊಣನೊಣಕ್ಕೇ ಇಷ್ಟು ವ್ಯತ್ಯಾಸವಿರುವಾಗ ನೊಣವನ್ನು ನೋಡಿ ಮನುಷ್ಯನಿಗೆ ಸರ್ಟಿಫಿಕೇಟ್ ಕೊಡುವುದು ಹೇಗೆ?

ನಮ್ಮ ದೇಹದಲ್ಲಿ ಈ ವಿಷ ನರ ಮತ್ತು ಹೃದಯದ ಜೀವಕೋಶಗಳಲ್ಲಿರುವ ಸೋಡಿಯಂ ಬಾಗಿಲುಗಳನ್ನು ಮುಚ್ಚಲು ಬಿಡುವುದಿಲ್ಲ. ತಲೆಸುತ್ತು, ವಾಂತಿ, ಬೆವರು ಬರುತ್ತದೆ. ರಕ್ತದೊತ್ತಡ ಕುಸಿಯುತ್ತದೆ, ನಾಡಿ ತೀರಾ ನಿಧಾನವಾಗುತ್ತದೆ. ಕ್ರಿ.ಪೂ. 401ರಲ್ಲಿ ಇದೇ ತೀರದಲ್ಲಿ ಸಾಗುತ್ತಿದ್ದ ಗ್ರೀಕ್ ಸೈನಿಕರು ಜೇನು ತಿಂದು ನಿಲ್ಲಲಾಗದೆ ಬಿದ್ದಿದ್ದನ್ನು ಕ್ಸೆನೊಫೊನ್ ಬರೆದಿದ್ದಾನೆ. ಯಾರೂ ಸಾಯಲಿಲ್ಲ. ಈಗಲೂ ಸಾವು ಅಪರೂಪ, ಆದರೆ ಹೃದಯದ ಕಾಯಿಲೆ ಇದ್ದವರಿಗೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ಒಂದು ಚಮಚದಲ್ಲಿ ಎಷ್ಟು ವಿಷವಿದೆ ಎಂದು ಬಣ್ಣ, ರುಚಿ ನೋಡಿ ಅಳೆಯಲು ಬರುವುದಿಲ್ಲ.

ದಿನಾ ಬಳಸುವ ಜೇನಿಗೆ ಹೆದರಬೇಕಿಲ್ಲ. ಹುಚ್ಚು ಜೇನು ತಿಂದು ತಲೆಸುತ್ತು ಬಂದರೆ ಮಲಗಿಸಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಜೇನು ತಿಂದ ವಿಷಯ ವೈದ್ಯರಿಗೆ ಹೇಳಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ನಿಧಾನವಾದ ನಾಡಿಗೆ ಅಟ್ರೋಪಿನ್ ಇಂಜೆಕ್ಷನ್ ಕೊಡುತ್ತಾರೆ. ಹೆಚ್ಚಿನವರು ಒಂದೆರಡು ದಿನಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ.