ರೋಮ್ ನಗರದ ಪತನ ಮತ್ತು ದೈವವಿಶ್ವಾಸದ ಆಧಾರ: ಅಗಸ್ಟೀನನ ವಿಚಾರಸರಣಿ

ದೇವರಲ್ಲಿ ಭರವಸೆಯಿಡುವುದಕ್ಕೆ ಕಾರಣಗಳುಂಟೆ, ಉಂಟಾದರೆ ಅವು ಯಾವ ಬಗೆಯವು ಎಂಬ ಪ್ರಶ್ನೆಯನ್ನು ಕ್ರೈಸ್ತ ಚಿಂತಕರು ಅನೇಕ ಕಾಲಗಳಲ್ಲಿ ಎತ್ತಿಕೊಂಡಿದ್ದಾರೆ. ಸುಖದ ದಿನಗಳಲ್ಲಿ ಇದು ಪಂಡಿತರ ಚರ್ಚೆಯಾಗಿ ಉಳಿಯುವುದುಂಟು. ವಿಪತ್ತಿನ ದಿನಗಳಲ್ಲಿ ಎಲ್ಲರ ಪ್ರಶ್ನೆಯಾಗುತ್ತದೆ. ಹಾಗೆ ಆದ ಸಂದರ್ಭಗಳಲ್ಲಿ ಕ್ರಿ. ಶ. ೪೧೦ರಲ್ಲಿ ನಡೆದ ರೋಮ್ ನಗರದ ಸೂರೆ ಮುಖ್ಯವಾದುದು. ಆಗ ಹುಟ್ಟಿದ ಆಕ್ಷೇಪಗಳಿಗೆ ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದ ಬಿಷಪನಾಗಿದ್ದ ಅಗಸ್ಟೀನನು ನೀಡಿದ ಸಮಾಧಾನವನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಬಯಸುತ್ತೇವೆ.

೪೧೦ನೆಯ ಆಗಸ್ಟ್ ೨೪ರಂದು ಅಲಾರಿಕನ ವಿಸಿಗಾತ್ ಸೈನ್ಯವು ರೋಮನ್ನು ಹೊಕ್ಕು ಮೂರು ದಿನ ಸೂರೆಗೈದಿತು. ಪಶ್ಚಿಮ ಸಾಮ್ರಾಜ್ಯದ ಚಕ್ರವರ್ತಿಯ ಆಸ್ಥಾನ ಆ ವೇಳೆಗೆ ರವೆನ್ನ ನಗರದಲ್ಲಿದ್ದಿತು. ಆದಕಾರಣ ಆಡಳಿತದ ದೃಷ್ಟಿಯಿಂದ ಘಟನೆಯ ಪರಿಣಾಮ ಮಿತವಾದುದು. ಜನಮನಸ್ಸಿಗೆ ತಗುಲಿದ ಆಘಾತವಾದರೋ ಅಪಾರ. ಸುಮಾರು ಎಂಟು ಶತಮಾನಗಳ ಕಾಲ ಯಾವ ಪರಕೀಯ ಸೈನ್ಯವೂ ಆ ನಗರವನ್ನು ಸೂರೆಗೊಂಡಿರಲಿಲ್ಲ. ತಪ್ಪಿಸಿಕೊಂಡ ಕುಟುಂಬಗಳು ಕೆಲವು ಸಮುದ್ರ ದಾಟಿ ಕಾರ್ಥೇಜಿನ ಕಡೆಗೆ ಬಂದವು. ಅವರೊಡನೆ ಒಂದು ಆಕ್ಷೇಪವೂ ಬಂದಿತು. ಹಳೆಯ ದೇವತೆಗಳಿಗೆ ಬಲಿಪೂಜೆ ಸಲ್ಲುತ್ತಿದ್ದಾಗ ನಗರ ಸುರಕ್ಷಿತವಾಗಿತ್ತು. ಥಿಯೋಡೋಸಿಯಸ್ ಚಕ್ರವರ್ತಿಯು ೩೯೧ರಲ್ಲಿ ಆ ಪೂಜೆಯನ್ನು ನಿಷೇಧಿಸಿ ಇಪ್ಪತ್ತು ವರ್ಷ ತುಂಬುವುದರೊಳಗೆ ನಗರ ಬಿದ್ದಿತು. ಕ್ರೈಸ್ತರ ದೇವರು ನಂಬಿದವರನ್ನು ಕಾಯಲಿಲ್ಲ ಎಂಬುದೇ ಅದು.

ಈ ಆಕ್ಷೇಪಕ್ಕೆ ಉತ್ತರ ಹೇಳುವುದು ಕ್ರೈಸ್ತರಿಗೆ ಸುಲಭವಾಗಿರಲಿಲ್ಲ. ಏಕೆಂದರೆ ಅವರಲ್ಲಿ ಅನೇಕರು ಆಕ್ಷೇಪಿಸುವವರ ನೆಲೆಗಟ್ಟಿನ ಮೇಲೆಯೇ ನಿಂತಿದ್ದರು. ಒಂದು ಶತಮಾನದ ಹಿಂದೆ ಚರಿತ್ರಕಾರ ಯೂಸೀಬಿಯಸನು ಕಾನ್‌ಸ್ಟಂಟೈನನ ದಿಗ್ವಿಜಯಗಳಲ್ಲಿ ದೇವರ ಅನುಗ್ರಹವನ್ನು ಕಂಡಿದ್ದನು. ಗೆಲುವು ದೇವರ ಮೆಚ್ಚಿಕೆಗೆ ಸಾಕ್ಷಿಯಾದರೆ ಸೋಲು ಯಾವುದಕ್ಕೆ ಸಾಕ್ಷಿ? ಈ ಪ್ರಶ್ನೆಯಿಂದ ಅಂಥವರು ತಪ್ಪಿಸಿಕೊಳ್ಳುವಂತಿರಲಿಲ್ಲ.

ಅಗಸ್ಟೀನನ ‘ದೇವರ ನಗರ’ ಎಂಬ ಮಹಾಗ್ರಂಥವು ಈ ಸಂದರ್ಭದಲ್ಲಿ ಹುಟ್ಟಿತು. ಸುಮಾರು ೪೧೩ರಲ್ಲಿ ಆರಂಭವಾಗಿ ೪೨೬ರ ಹೊತ್ತಿಗೆ ಮುಗಿದ ಈ ಕೃತಿಯಲ್ಲಿ ೨೨ ಭಾಗಗಳಿವೆ. ಮೊದಲ ಐದು ಭಾಗಗಳು ಲೌಕಿಕ ಏಳಿಗೆಗಾಗಿ ದೇವತೆಗಳನ್ನು ಪೂಜಿಸಬೇಕೆನ್ನುವವರನ್ನೂ, ಮುಂದಿನ ಐದು ಪರಲೋಕದ ಫಲಕ್ಕಾಗಿ ಪೂಜಿಸಬೇಕೆನ್ನುವವರನ್ನೂ ಖಂಡಿಸುತ್ತವೆ. ಉಳಿದ ೧೨ ಭಾಗಗಳು ದೇವರ ನಗರ, ಲೋಕದ ನಗರ ಎಂಬ ಎರಡು ಸಮಾಜಗಳ ಉಗಮ, ಗತಿ ಮತ್ತು ಅಂತ್ಯವನ್ನು ಹೇಳುತ್ತವೆ. ಹಳೆಯ ದೇವತೆಗಳ ಕಾಲದಲ್ಲಿಯೂ ರೋಮ್ ಗಾಲರ ದಾಳಿಯನ್ನೂ, ಕಾರ್ಥೇಜಿನೊಡನೆ ನಡೆದ ಯುದ್ಧಗಳನ್ನೂ, ಮಾರಿಯಸ್ ಮತ್ತು ಸಲ್ಲರ ಅಂತಃಕಲಹವನ್ನೂ ಅನುಭವಿಸಿತೆಂದು ಅವನು ಮೊದಲು ತೋರಿಸುತ್ತಾನೆ. ಇಲ್ಲಿಂದ ಮುಂದೆ ಕ್ರೈಸ್ತಯುಗವೇ ಹೆಚ್ಚು ಸುಖಕರವಾದುದೆಂದು ಸಾಧಿಸುವುದು ಸುಲಭ. ಅಗಸ್ಟೀನನ ಪ್ರೇರಣೆಯಿಂದಲೇ ಏಳು ಭಾಗಗಳ ಚರಿತ್ರೆಯನ್ನು ಬರೆದ ಓರೋಸಿಯಸನು ಆ ದಾರಿಯನ್ನು ಹಿಡಿದನು.

ಅಗಸ್ಟೀನನು ಅದನ್ನು ಹಿಡಿಯಲಿಲ್ಲ. ಐದನೆಯ ಭಾಗದಲ್ಲಿ ಅವನು ಚರಿತ್ರೆಯಿಂದಲೇ ಪ್ರತ್ಯುದಾಹರಣೆಗಳನ್ನು ಕೊಡುತ್ತಾನೆ. ಕಾನ್‌ಸ್ಟಂಟೈನನು ದೀರ್ಘಕಾಲ ಆಳಿದುದು ನಿಜ. ಆದರೆ ಕ್ರೈಸ್ತಮತವನ್ನು ತೊರೆದ ಜೂಲಿಯನನು ಸುಮಾರು ೨೦ ತಿಂಗಳು ಆಳಿದರೆ, ಅವನ ತರುವಾಯ ಬಂದ ಕ್ರೈಸ್ತನಾದ ಜೋವಿಯನನು ಎಂಟು ತಿಂಗಳು ತುಂಬುವ ಮೊದಲೇ, ೩೬೪ರಲ್ಲಿ, ತೀರಿಕೊಂಡನು. ಭಕ್ತನಾದ ಗ್ರೇಷಿಯನನು ೩೮೩ರಲ್ಲಿ ದಂಗೆಕೋರರ ಕೈಯಲ್ಲಿ ಹತನಾದನು. ಕಾನ್‌ಸ್ಟಂಟೈನನ ಭಾಗ್ಯ ಬೇಕೆಂದು ಯಾವ ಅರಸನೂ ಕ್ರೈಸ್ತನಾಗಬಾರದು ಎಂಬುದೇ ಇದರ ಅರ್ಥವೆಂದು ಅವನ ಅಭಿಪ್ರಾಯ. ಫಲವನ್ನು ನೋಡಿ ಇಟ್ಟ ಭರವಸೆಯು ಫಲದ ಮೇಲಿನ ಭರವಸೆಯೇ ಹೊರತು ದೇವರ ಮೇಲಿನದಲ್ಲ.

ಈ ನಿಲುವಿನ ಮಹತ್ವ ಕೇವಲ ತಾರ್ಕಿಕವಾದುದಲ್ಲ. ಭಾಗ್ಯವು ದೇವರ ತೀರ್ಪಾದರೆ ನೊಂದವರೆಲ್ಲರೂ ಅಪರಾಧಿಗಳಾಗಬೇಕಾಗುತ್ತದೆ. ಸೂರೆಯಲ್ಲಿ ಅನೇಕ ಸ್ತ್ರೀಯರು ಬಲಾತ್ಕಾರಕ್ಕೆ ಗುರಿಯಾಗಿದ್ದರು. ಅಂಥ ಅವಮಾನದ ಬಳಿಕ ಪ್ರಾಣ ನೀಗಿದ ಲುಕ್ರೀಷಿಯಳು ರೋಮನರಿಗೆ ಆದರ್ಶಳು. ಮನಸ್ಸು ಒಪ್ಪದಿದ್ದಲ್ಲಿ ಶೀಲವು ಕೆಡುವುದಿಲ್ಲ, ಬದುಕುಳಿದವರ ಮೇಲೆ ಯಾವ ಕಳಂಕವೂ ಇಲ್ಲ ಎಂದು ಅಗಸ್ಟೀನನು ಮೊದಲನೆಯ ಭಾಗದಲ್ಲಿ ವಾದಿಸುತ್ತಾನೆ. ಅವರಲ್ಲಿ ಕೆಲವರಿಗೆ ಒಳಗೊಳಗೇ ಗರ್ವವಿದ್ದಿರಬಹುದೆಂದು ಮುಂದೆ ಅವನೇ ಊಹಿಸುವುದು ನಮಗೆ ಒಪ್ಪತಕ್ಕದ್ದಲ್ಲ. ತಾನು ತಳ್ಳಿಹಾಕಿದ ಲೆಕ್ಕಾಚಾರದ ಛಾಯೆ ಅಲ್ಲಿ ಮರಳಿ ಕಾಣಿಸಿಕೊಂಡಿದೆ.

ಹಾಗಾದರೆ ಭರವಸೆಗೆ ಆಧಾರವೇನು? ಸುಮಾರು ೩೯೧ರಲ್ಲಿ ಬರೆದ ‘ನಂಬುವುದರ ಪ್ರಯೋಜನ’ ಎಂಬ ಪ್ರಬಂಧದಲ್ಲಿ ಅವನು ಇದಕ್ಕೆ ಪೀಠಿಕೆ ಹಾಕಿದ್ದನು. ನಮ್ಮ ತಂದೆ ಯಾರೆಂಬುದನ್ನು ನಾವು ತಾಯಿಯ ಮಾತಿನಿಂದಲೇ ಅರಿಯುತ್ತೇವೆ. ಮಿತ್ರನ ಮನಸ್ಸನ್ನು ಕಣ್ಣಾರೆ ಕಾಣಲಾರೆವು. ಸಾಕ್ಷ್ಯವನ್ನು ನಂಬದೆ ಲೋಕವ್ಯವಹಾರವೇ ಸಾಗದು. ಆದುದರಿಂದ ನಂಬಬೇಕೆ ಎಂಬುದಕ್ಕಿಂತ ಯಾರನ್ನು ನಂಬಬೇಕೆಂಬುದೇ ಸರಿಯಾದ ಪ್ರಶ್ನೆ. ‘ದೇವರ ನಗರ’ದ ಕೊನೆಯ ಭಾಗದಲ್ಲಿ ಅವನು ಇದನ್ನು ಕ್ರಿಸ್ತನ ಪುನರುತ್ಥಾನಕ್ಕೆ ಅನ್ವಯಿಸುತ್ತಾನೆ. ವಿದ್ಯೆಯಾಗಲಿ ಅಧಿಕಾರವಾಗಲಿ ಇಲ್ಲದ ಕೆಲವೇ ಬೆಸ್ತರ ಸಾಕ್ಷ್ಯವನ್ನು ಲೋಕವು ನಂಬಿತು. ಇದೂ ಪುನರುತ್ಥಾನದಷ್ಟೇ ಅಚ್ಚರಿಯ ಸಂಗತಿ ಎಂದು ಅವನ ವಾದ. ಇದರ ಹಿಂದೆ ಶಿಲುಬೆಯ ವಿಚಾರವಿದೆ. ನಿರಪರಾಧಿಯಾದ ಕ್ರಿಸ್ತನೇ ಯಾತನೆಯಿಂದ ಸತ್ತಮೇಲೆ, ಯಾತನೆಯು ದೇವರು ಕೈಬಿಟ್ಟುದರ ಗುರುತೆಂದು ಕ್ರೈಸ್ತನು ಹೇಳಲಾರನು.

ಒಂದು ನಂಬಿಕೆ ವ್ಯಾಪಕವಾಗಿ ಹರಡಿತೆಂದ ಮಾತ್ರಕ್ಕೆ ಅದು ಸತ್ಯವೆಂದು ಚರಿತ್ರಕಾರನು ಒಪ್ಪಲಾರನು. ಸಾಕ್ಷಿಗಳನ್ನು ಶೋಧಿಸದೆ ಸಾಕ್ಷ್ಯವನ್ನು ಸ್ವೀಕರಿಸುವುದೂ ಅವನ ಕ್ರಮವಲ್ಲ. ಆದಕಾರಣ ಅಗಸ್ಟೀನನ ಕಾರಣಗಳನ್ನು ಸಿದ್ಧಪ್ರಮಾಣಗಳೆಂದು ನಾವು ಕರೆಯುವುದಿಲ್ಲ. ಆದರೆ ಅವು ಎಂಥ ಕಾರಣಗಳೆಂಬುದು ಸ್ಪಷ್ಟವಾಗಿದೆ: ಲಾಭನಷ್ಟದ ಎಣಿಕೆಯನ್ನಲ್ಲ, ಸಾಕ್ಷ್ಯವನ್ನೂ ನಂಬಲ್ಪಟ್ಟವನ ಸ್ವಭಾವವನ್ನೂ ಅವು ಆಶ್ರಯಿಸಿವೆ. ಅವನ್ನು ಒಪ್ಪುವವನೂ ಒಪ್ಪದವನೂ ಈ ನೆಲೆಯಲ್ಲಿಯೇ ವಾದಿಸಬೇಕು.

ಈ ವಿಚಾರವನ್ನು ಅಗಸ್ಟೀನನ ಬಾಳೂ ಒರೆಗೆ ಹಚ್ಚಿತು. ಗ್ರಂಥವನ್ನು ಯಾರಿಗೆ ಅರ್ಪಿಸಿದ್ದನೋ ಆ ಮಿತ್ರ, ರಾಜಾಧಿಕಾರಿ ಮಾರ್ಸೆಲ್ಲೀನಸನು, ೪೧೩ರಲ್ಲಿ ರಾಜದ್ರೋಹದ ಆರೋಪದ ಮೇಲೆ ಶಿರಚ್ಛೇದಕ್ಕೆ ಗುರಿಯಾದನು. ಅವನು ನಿರ್ದೋಷಿಯೆಂದು ತರುವಾಯ ಚಕ್ರವರ್ತಿಯೇ ಸಾರಬೇಕಾಯಿತು. ೪೩೦ರಲ್ಲಿ ವಾಂಡಲರು ಹಿಪ್ಪೊವನ್ನು ಮುತ್ತಿದರು. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಅಗಸ್ಟೀನನು ಜ್ವರದಿಂದ ಹಾಸಿಗೆ ಹಿಡಿದನು. ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ ಗೋಡೆಗೆ ತೂಗುಹಾಕಿಸಿ, ಮಲಗಿದಲ್ಲಿಂದಲೇ ಓದುತ್ತಿದ್ದನೆಂದು ಅವನ ಚರಿತ್ರೆಯನ್ನು ಬರೆದ ಪೊಸ್ಸಿಡಿಯಸನು ತಿಳಿಸುತ್ತಾನೆ. ಆಗಸ್ಟ್ ೨೮ರಂದು ಅವನು ಕಾಲವಾದಾಗ ಶತ್ರುಗಳು ಇನ್ನೂ ಕೋಟೆಯ ಹೊರಗಿದ್ದರು. ತನ್ನ ನಗರ ಉಳಿಯುವುದೆಂಬ ಭರವಸೆಯನ್ನು ಅವನ ಗ್ರಂಥ ಯಾರಿಗೂ ಕೊಟ್ಟಿರಲಿಲ್ಲ; ಅವನೂ ಅದನ್ನು ನೆಚ್ಚಿಕೊಂಡಿರಲಿಲ್ಲ.