ಅಜ್ಜಿಯ ಹೆಬ್ಬೆಟ್ಟು, ಸರ್ಕಾರದ ಚೀಟಿ

ಮಳವಳ್ಳಿಯಿಂದ ಮಂಡ್ಯಕ್ಕೆ ಬೆಳಗಿನ ಬಸ್ಸು. ಅಜ್ಜಿಯ ಮಡಿಲಲ್ಲಿ ಪ್ಲಾಸ್ಟಿಕ್ ಕವರು: ರೇಷನ್ ಕಾರ್ಡು, ಆಧಾರ್, ಎಕ್ಸ್‌ರೇ, ಜೆರಾಕ್ಸು. ಆಸ್ಪತ್ರೆ ಕೌಂಟರ್‌ನಲ್ಲಿ, ಕಬ್ಬು ಕಡಿದು ಸವೆದ ಹೆಬ್ಬೆಟ್ಟಿನ ಗುರುತೇ ಯಂತ್ರಕ್ಕೆ ಸಿಗ್ತಿಲ್ಲ. "ಒರೆಸ್ಕೊಂಡು ಇನ್ನೊಂದ್ಸಲ ಒತ್ತಜ್ಜಿ!"

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ 'ಎಲ್ಲರಿಗೂ' ಅಂತಲೇ ಬಂದದ್ದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದಲ್ಲಿ ಸರ್ಕಾರದ ಪಾಲು ಶೇ 30 ಮಾತ್ರ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗಲ್ಲ ಅಂದ್ರೆ ರೆಫರಲ್ ಚೀಟಿ. ಖಾಸಗಿ ಆಸ್ಪತ್ರೆ ಆಮೇಲೆ.

ಮಾತು ಇಲ್ಲಿಗೆ ಬಂದರೆ ಹಳಬರು ಯಶಸ್ವಿನಿ ಆರೋಗ್ಯ ಯೋಜನೆಯ ಮಾತೆತ್ತುತ್ತಾರೆ. ಅದು ಬಂದಾಗ ಮುಖ್ಯಮಂತ್ರಿ ನಮ್ಮ ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಡಾ. ದೇವಿ ಶೆಟ್ಟರ ಯೋಚನೆ, 2003ರಲ್ಲಿ ಶುರು. ಸಹಕಾರ ಸಂಘದ ಸದಸ್ಯನಿಗೆ ತಿಂಗಳಿಗೆ 5 ರೂಪಾಯಿ. ಇವತ್ತು ಆ ಕಾಸಿಗೆ ಅರ್ಧ ಮದ್ದೂರು ವಡೆಯೂ ಬರಲ್ಲ ಬಿಡಿ! 2018ರಲ್ಲಿ ನಿಂತ ಯೋಜನೆ 2023ರಲ್ಲಿ ಮತ್ತೆ ಬಂತು. ಹಳ್ಳಿಯಲ್ಲಿ ನಾಲ್ವರ ಕುಟುಂಬಕ್ಕೆ 500 ರೂಪಾಯಿ. ಆದರೆ ಸಂಘದ ಮೆಂಬರ್ ಅಲ್ಲದ ಕೂಲಿಯವನಿಗೆ ಅಲ್ಲಿ ಜಾಗವಿಲ್ಲ.

ಹಾಗಾದ್ರೆ ಹೆಬ್ಬೆಟ್ಟು, ರೆಫರಲ್ ಚೀಟಿ ಯಾವುದೂ ಬೇಡವಾ? ಅಷ್ಟು ಸಲೀಸಲ್ಲ. ಕಾವಲಿಲ್ಲದ ಗದ್ದೆಗೆ ದನ ನುಗ್ಗೇ ನುಗ್ಗುತ್ತೆ. ಬೇಡದ ಆಪರೇಷನ್ನಿಗೂ ಬಿಲ್ಲು ಹುಟ್ಟುತ್ತೆ. ನನ್ನ ತಕರಾರು ಕಾವಲಿನ ಬಗ್ಗೆ ಅಲ್ಲ, ಅದರ ಕೂಲಿ ಯಾರು ಕೊಡ್ತಿದ್ದಾರೆ ಅನ್ನೋದರ ಬಗ್ಗೆ. ಎರಡು ದಿನದ ದುಡಿಮೆ ಹೋಯ್ತು, ಜೆರಾಕ್ಸಿಗೆ ಕಾಸು ಹೋಯ್ತು. ಶಕ್ತಿ ಯೋಜನೆಯಲ್ಲಿ ಅಜ್ಜಿಗೇನೋ ಬಸ್ಸು ಫ್ರೀ. ಜೊತೆಗೆ ಬಂದ ಮಗನಿಗೆ ಹೋಗ್ತಾ ಒಂದು ಟಿಕೆಟ್ಟು, ಬರ್ತಾ ಒಂದು.