ಟೊಳ್ಳು ಮೂಳೆಗೆ ವಾರದ ಗುಳಿಗೆ

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಹೆಂಗಸರ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ. ಇದು ಮಂಡಿ ಸವೆತವಲ್ಲ. ಮೂಳೆ ಮುರಿಯುವವರೆಗೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ನೋವಿಲ್ಲವೆಂದೇ ಅನೇಕರು ಔಷಧಿಯನ್ನು ನಡುವೆ ಬಿಟ್ಟುಬಿಡುತ್ತಾರೆ.

ವೈದ್ಯರು 70 ಮಿ.ಗ್ರಾಂ. ಅಲೆಂಡ್ರೊನೇಟ್ ಬರೆದಿದ್ದರೆ ವಾರಕ್ಕೆ ಒಂದೇ ಗುಳಿಗೆ. ಸಂತೆಯ ದಿನವೆಂದು ಗೊತ್ತುಮಾಡಿಕೊಂಡರೆ ಮರೆಯದು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನೊಡನೆ, ಅಗಿಯದೆ ನುಂಗಬೇಕು. ಕಾಫಿಯೊಡನೆ ನುಂಗಿದರೆ ಬಹುಪಾಲು ಮೈಗೆ ಹತ್ತುವುದಿಲ್ಲ. ಮುಂದಿನ 30 ನಿಮಿಷ ಏನನ್ನೂ ತಿನ್ನಬಾರದು, ಮಲಗಲೂ ಬಾರದು. ಮಲಗಿದರೆ ಅನ್ನನಾಳ ಹುಣ್ಣಾದೀತು.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಸುಣ್ಣದಂಶವಿದೆ. ಮುದ್ದೆ ಒಳ್ಳೆಯದೇ, ಗುಳಿಗೆಗೆ ಬದಲಲ್ಲ. ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಚುಚ್ಚುಮದ್ದು ಪಡೆಯುವವರು ಸುಗ್ಗಿಯ ನೆಪದಲ್ಲಿ ತಿಂಗಳುಗಟ್ಟಲೆ ತಡಮಾಡಿದರೆ ಬೆನ್ನುಮೂಳೆ ಕುಸಿಯುವ ಅಪಾಯವುಂಟು.